ಬಟ್ಟೆಯಲ್ಲಿ ಸೋಸಿದ ಸತ್ವ

ನನ್ನ ತಮ್ಮ ಬಟಾಣಿಗೆ,

ನಿನ್ನ ಅಕ್ಕನ ಅಕ್ಕರೆಯ ನೆನಪುಗಳು. ಓದು ಕಲಿಯುವ ವಯಸ್ಸು ನಿನಗೆ ಬರಲೇ ಇಲ್ಲವಾದ್ದರಿಂದ ಈ ಕಾಗದವನ್ನು ನಿನಗೆ ಯಾರು ಓದಿ ಹೇಳುವರೋ ನಾನರಿಯೆ. ಅಮ್ಮ ಅಲ್ಲೆಲ್ಲಾದರೂ ಇದ್ದರೆ ಅವಳ ಕೈಗೆ ಕೊಡು. ನಡುವೆ ಅವಳ ದನಿ ತಡವರಿಸಿದರೆ ಮುಂದೆ ಓದೆಂದು ಕಾಡಬೇಡ. ಅವಳಿಗೆ ಈ ಕಥೆಯ ಮೊದಲ ಭಾಗ ನನಗಿಂತ ಚೆನ್ನಾಗಿ ಗೊತ್ತು.

ನೀನು ಎರಡು ವರ್ಷ ತುಂಬುವ ಮೊದಲೇ ಹೋದೆ. ಆಗ ನನಗೆ ಏಳು. ಈಗ ನನಗೆ ಎಪ್ಪತ್ತು ದಾಟಿದೆ, ನಿನಗೆ ಇನ್ನೂ ಎರಡು ತುಂಬಿಲ್ಲ. ಗುಂಡಗೆ, ಹಸಿರು ಅಂಗಿ ತೊಟ್ಟು, ಎಲ್ಲಿ ಬಿಟ್ಟರೂ ಉರುಳಿಕೊಂಡು ಹೋಗುತ್ತಿದ್ದೆಯೆಂದು ಅಪ್ಪ ನಿನಗೆ ಬಟಾಣಿ ಎಂಬ ಅಡ್ಡಹೆಸರಿಟ್ಟಿದ್ದರು. ನಿನ್ನ ನಿಜವಾದ ಹೆಸರನ್ನು ನಮ್ಮ ಮನೆಯಲ್ಲಿ ಆಮೇಲೆ ಯಾರೂ ಉಚ್ಚರಿಸಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

ಆ ಮಧ್ಯಾಹ್ನ ನಮ್ಮ ಸೋದರಮಾವ ಕೊಬ್ಬಿದ ಕೋಳಿಯೊಂದನ್ನು ತಂದಿದ್ದ. ಎಲ್ಲರೂ ನೆಲದ ಮೇಲೆ ಸಾಲಾಗಿ ಕುಳಿತಿದ್ದೆವು. ಅಮ್ಮ ತನ್ನ ತಟ್ಟೆಯಿಂದಲೇ ಬಿಡಿಸಿ ಬಿಡಿಸಿ ನಿನ್ನ ಬಾಯಿಗಿಡುತ್ತಿದ್ದಳು. ಮಾವ ಏನೋ ನಗೆಮಾತು ಹೇಳಿದ. ಅಮ್ಮ ತಲೆಯೆತ್ತಿ ನಕ್ಕಳು. ಆ ನಗುವಿನ ನಡುವೆ ಬೆನ್ನಿನ ಭಾಗದ ಒಂದು ತುಂಡು, ಒಳಗೆ ಎಲುಬಿನ ಚೂರನ್ನು ಅಡಗಿಸಿಕೊಂಡು, ನಿನ್ನ ಗಂಟಲಿಗೆ ಇಳಿಯಿತು. ನೀನು ಒಮ್ಮೆ ಕೆಮ್ಮಿದೆ. ಅದು ಸಣ್ಣ ಕೆಮ್ಮು, ಬಾಗಿಲ ಹಿಂದೆ ಅಡಗಿದ ಮಗು ಸಿಕ್ಕಿಬೀಳುವ ಭಯದಿಂದ ನುಂಗಿಕೊಂಡ ಕೆಮ್ಮಿನಂಥದು. ಅನಂತರ ದೊಡ್ಡವರೆಲ್ಲ ಕೂಗಿದರು, ಮಾವ ನಿನ್ನನ್ನು ತಲೆಕೆಳಗಾಗಿ ಎತ್ತಿ ಹಿಡಿದ, ಅಮ್ಮ ನಿನ್ನ ಬಾಯೊಳಗೆ ಬೆರಳು ಹಾಕಿದಳು. ಆ ಗದ್ದಲ ನನಗೆ ಮರೆತುಹೋಗಿದೆ. ಮರೆಯದಿರುವುದು ನಿನ್ನ ಬಾಯಿ: ಪೂರ್ಣ ತೆರೆದಿದ್ದ ಬಾಯಿ, ಅದರಿಂದ ಬಾರದ ಸದ್ದು.

ಇನ್ನು ಮುಂದೆ ಮಕ್ಕಳಿಗೆ ಮಾಂಸವಿಲ್ಲ ಎಂದು ಅಮ್ಮ ಎಂದೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ಯಾರಾದರೂ ವಾದಿಸುತ್ತಿದ್ದರೇನೋ. ಅವಳು ಮಾಡಿದ್ದು ಬೇರೆ. ಮಾಂಸವನ್ನು ಬಣ್ಣಗೆಡುವವರೆಗೆ ಕುದಿಸಿ, ಆ ನೀರನ್ನು ತೆಳುಬಟ್ಟೆಯಲ್ಲಿ ಎರಡು ಸಲ ಸೋಸಿ, ಲೋಟಕ್ಕೆ ಬಗ್ಗಿಸಿ, ಅದಕ್ಕೆ ‘ಸತ್ವ’ ಎಂದು ಹೆಸರಿಟ್ಟಳು. "ಇರೋ ಶಕ್ತಿಯೆಲ್ಲಾ ನೀರಿಗೆ ಇಳೀತು, ಇನ್ನು ಉಳಿದಿರೋದು ಬರೀ ನಾರು. ದೊಡ್ಡೋರು ತಿನ್ಲಿ" ಎನ್ನುತ್ತಿದ್ದಳು. ಲೋಟ ಬರಿದಾದ ಮೇಲೂ ಬಿಡುತ್ತಿರಲಿಲ್ಲ. "ನುಂಗಿದ್ಯಾ? ಆ ಅನ್ನು, ನೋಡೋಣ." ನೀರು ಕುಡಿದ ಬಾಯನ್ನು ತೆರೆಸಿ ದೀಪದ ಬೆಳಕಿಗೆ ತಿರುಗಿಸಿ ನೋಡುವ ತಾಯಿ ಬೇರೆಲ್ಲೂ ಇದ್ದಿರಲಾರಳು. ಬಂಧುಗಳ ಪಾಲಿಗೆ ನಾವು ಮಾಂಸ ತಿನ್ನುವ ಮನೆಯವರು. ನಮ್ಮ ಪಾಲಿಗೂ ಹಾಗೆಯೇ. ಸತ್ವ ಕುಡಿದವನು ಮಾಂಸವನ್ನೇ ಉಂಡಂತೆ ಎಂಬುದು ನಮ್ಮಲ್ಲಿ ಹಗಲು ರಾತ್ರಿಗಳಷ್ಟು ಸಹಜವಾಗಿಬಿಟ್ಟಿತು.

ನಾನು ಹೊಲಿಗೆ ಕಲಿತೆ. ನಲವತ್ತು ವರ್ಷ ಬಟ್ಟೆ ಕತ್ತರಿಸಿದೆ. ಸೋಸುವ ಬಟ್ಟೆಗಳನ್ನು ನಾನೇ ಹೊಲಿಯುತ್ತಿದ್ದೆ, ಅಂಚಿಗೆ ಎರಡು ಸಾಲು ಒತ್ತುಹೊಲಿಗೆ ಹಾಕಿ, ಒಂದು ಎಳೆಯೂ ಬಿಚ್ಚಿ ನೀರಿಗೆ ಬೀಳದಂತೆ. ಮದುವೆಯಾಗಿ ಬೇರೆ ಮನೆಗೆ ಹೋದೆ. ಆ ಬಟ್ಟೆಯೂ ನನ್ನ ಜೊತೆ ಬಂತು. ನಾರನ್ನು ನಾನು ಎಂದೂ ಬಾಯಿಗಿಡಲಿಲ್ಲ. "ನಿನಗೆ ಹಲ್ಲು ಯಾಕಿದೆಯೋ, ದಾರ ಕಡಿಯೋಕೆ ಇರಬೇಕು" ಎಂದು ನನ್ನ ಯಜಮಾನರು ರೇಗಿಸುತ್ತಿದ್ದರು. ಕಾರಣ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ರೇಗಿಸುತ್ತಿದ್ದರು, ಅದು ಅವರ ಸಾಂತ್ವನದ ರೀತಿ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ. ನಾವು ಮನೆಯ ಮೇಲೆ ಮನೆ ಬದಲಾಯಿಸಿದೆವು. ಪ್ರತಿ ಹೊಸ ಮನೆಗೂ ನೀನು ನಮ್ಮ ಸಾಮಾನಿಗಿಂತ ಮೊದಲೇ ಬಂದು ಅಡುಗೆಮನೆಯ ಬಾಗಿಲ ಹಿಂದೆ ಕುಳಿತಿರುತ್ತಿದ್ದೆ. ನನ್ನ ಮಗನ ಬಾಯಿಗೆ ನಾನು ಚಮಚ ಎತ್ತಿದಾಗಲೆಲ್ಲ ಆ ಬಾಗಿಲ ಹಿಂದಿನಿಂದ ಅದೇ ಸಣ್ಣ ಕೆಮ್ಮು ಕೇಳುತ್ತಿತ್ತು. ನಾನು ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ನೀನಿರುವುದಿಲ್ಲ ಎಂಬ ಭಯವೋ, ಇರುತ್ತೀಯೆ ಎಂಬ ಭಯವೋ, ಈಗ ಹೇಳಲಾರೆ.

ಈಗ ನನ್ನ ಮಗನಿಗೂ ಒಂದು ಮಗುವಿದೆ. ಹೆಣ್ಣು ಕೂಸು, ಚಿಣ್ಣಿ ಎಂದು ಕರೆಯುತ್ತೇವೆ. ನಿನಗಿಂತ ಈಗಷ್ಟೇ ತುಸು ದೊಡ್ಡವಳಾಗಿದ್ದಾಳೆ, ಆದ್ದರಿಂದ ಸಂಬಂಧದಲ್ಲಿ ತಾತನಾದರೂ ನೀನು ಅವಳಿಗೆ ತಮ್ಮನಂತೆ. ಮಗ ಎತ್ತರದ ಕಟ್ಟಡಗಳಲ್ಲಿ ಲಿಫ್ಟುಗಳನ್ನು ದುರಸ್ತಿ ಮಾಡುತ್ತಾನೆ. ಸೊಸೆ ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜುತ್ತಾಳೆ; ಸಂಜೆ ಬಂದಾಗ ಅವಳ ರೆಪ್ಪೆಗಳ ಮೇಲೆ ಬಿಳಿಯ ಪುಡಿ ಕುಳಿತಿರುತ್ತದೆ. ಹಗಲೆಲ್ಲ ಮಗು ನನ್ನ ಪಾಲಿಗೆ. ನಾನು ಕುದಿಸಿದೆ, ಸೋಸಿದೆ, ಕುಡಿಸಿದೆ.

ಮಗು ಬಿಳಿಚಿಕೊಳ್ಳತೊಡಗಿತು. ಮೊದಲು ತುಟಿ, ಆಮೇಲೆ ಉಗುರು, ಆಮೇಲೆ ಕಣ್ಣರೆಪ್ಪೆಯ ಒಳಬದಿ. ಮೆಟ್ಟಿಲು ಹತ್ತಿದರೆ ಏದುಸಿರು. ಆಟದ ನಡುವೆ ಗೋಡೆಗೊರಗಿ ಕುಳಿತುಬಿಡುತ್ತಿದ್ದಳು. ಒಂದು ದಿನ ಎಲ್ಲಿ ಹುಡುಕಿದರೂ ಸಿಗದೆ, ಕೊನೆಗೆ ಅಡುಗೆಮನೆಯ ಬಾಗಿಲ ಹಿಂದೆ ಕಂಡಳು. ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದು ನೆಕ್ಕುತ್ತಿದ್ದಳು. ನೀನು ಕೂರುವ ಜಾಗ ಅದು. ನೀನು ಅವಳನ್ನು ಕರೆದುಕೊಂಡೆ ಎಂದೇ ನಾನು ತಿಳಿದೆ. ಈ ಮಾತನ್ನು ಯಾರಿಗೂ ಹೇಳಲಿಲ್ಲ, ನಿನಗೆ ಹೇಳುತ್ತಿದ್ದೇನೆ: ಆ ಕ್ಷಣ ನಿನ್ನ ಮೇಲೆ ನನಗೆ ದ್ವೇಷ ಹುಟ್ಟಿತು.

ಮಕ್ಕಳ ವೈದ್ಯೆ ವಯಸ್ಸಿನಲ್ಲಿ ನನ್ನ ಸೊಸೆಯಷ್ಟೇ ಇರುವ ಹುಡುಗಿ. ರಕ್ತದಲ್ಲಿ ಕಬ್ಬಿಣದ ಅಂಶ ಇಳಿದಿದೆ ಎಂದಳು, ಸುಣ್ಣ ನೆಕ್ಕುವುದೂ ಆ ಕೊರತೆಯ ಲಕ್ಷಣವೇ ಎಂದಳು. ಹನಿಹನಿಯಾಗಿ ಕುಡಿಸುವ ಕಪ್ಪು ಔಷಧಿ ಬರೆದುಕೊಟ್ಟಳು. ಮಗು ಅದನ್ನು ಕುಡಿದಷ್ಟೂ ಕಕ್ಕುತ್ತಿತ್ತು. "ಮಾಂಸ ಕೊಡ್ತೀರಾ?" ಎಂದು ಕೇಳಿದಾಗ ಸೊಸೆ, "ವಾರಕ್ಕೆ ನಾಲ್ಕು ದಿನ ಕೊಡ್ತಾರೆ ನಮ್ಮತ್ತೆ" ಎಂದು ಹೆಮ್ಮೆಯಿಂದ ಹೇಳಿದಳು. ಎರಡನೆಯ ಪರೀಕ್ಷೆಯಲ್ಲಿ ರಕ್ತ ಇನ್ನೂ ಇಳಿದಿತ್ತು. ಹೊಟ್ಟೆಹುಳುವಿಗೆ ಮದ್ದು ಕೊಟ್ಟಾಯಿತು, ಹಾಲು ತಗ್ಗಿಸಿದ್ದಾಯಿತು. ಮೂರನೆಯ ಸಲವೂ ಏರದಿದ್ದರೆ ಆಸ್ಪತ್ರೆಗೆ ಸೇರಿಸಿ ಬೇರೆಯವರ ರಕ್ತ ಹಾಕಿಸಬೇಕಾದೀತು ಎಂದಳು ವೈದ್ಯೆ. ಆಮೇಲೆ ಏನೋ ಹೊಳೆದು ನನ್ನ ಕಡೆ ತಿರುಗಿ, "ಅಜ್ಜಿ, ಮಾಂಸ ಹೇಗೆ ಮಾಡ್ತೀರ, ಒಂಚೂರು ವಿವರವಾಗಿ ಹೇಳಿ" ಎಂದಳು. ನಾನು ಹೇಳಿದೆ. ಕುದಿಸುವುದು, ಸೋಸುವುದು, ಬಟ್ಟೆ, ಎರಡು ಸಾಲು ಹೊಲಿಗೆ, ಎಲ್ಲವನ್ನೂ. ಅವಳ ಲೇಖನಿ ನಿಂತಿತು. "ಮತ್ತೆ ಆ ಮಾಂಸ ಏನಾಗುತ್ತೆ?" "ಅದನ್ನ ನನ್ನ ಮಗ ತಿಂತಾನೆ." "ಹಾಗಾದ್ರೆ ನಿಮ್ಮ ಮಗನ ರಕ್ತ ಭರ್ಜರಿಯಾಗಿರಬೇಕು ಬಿಡಿ!" ಎಂದು ನಕ್ಕುಬಿಟ್ಟಳು. ನಕ್ಕಿದ್ದಕ್ಕೆ ತಾನೇ ನಾಚಿಕೊಂಡು, ನನ್ನ ಮೊಣಕೈ ಹಿಡಿದು, ಮೆಲ್ಲಗೆ ತಿಳಿಸಿದಳು. ಕಬ್ಬಿಣವೆಲ್ಲ ಉಳಿಯುವುದು ಆ ನಾರಿನಲ್ಲೇ. ನೀರಿಗೆ ಇಳಿಯುವುದು ಪರಿಮಳ, ಒಂದಿಷ್ಟು ಉಪ್ಪು, ಒಂದಿಷ್ಟು ಕೊಬ್ಬು.

ಅರವತ್ತು ವರ್ಷಗಳ ಲೋಟಗಳೆಲ್ಲ ನನ್ನ ಕಣ್ಣೆದುರು ಸಾಲಾಗಿ ನಿಂತವು.

ಮನೆಗೆ ಬಂದು ಬಾಗಿಲ ಬೀಗ ತೆಗೆಯುವಾಗ ಸೊಸೆ, ಮುಖ ತಿರುಗಿಸದೆ, "ನಾನು ನಿಮ್ಮನ್ನ ನಂಬಿದ್ದೆ ಅತ್ತೆ" ಎಂದಳು. ಅಂದು ಸಂಜೆ ನಿನ್ನ ಕಥೆಯನ್ನು ಅವಳಿಗೆ ಹೇಳಿದೆ. ಅವಳು ಇಷ್ಟು ವರ್ಷ ಈ ಮನೆಯಲ್ಲಿದ್ದೂ ನೀನಿದ್ದೆಯೆಂಬುದನ್ನೇ ತಿಳಿದಿರಲಿಲ್ಲ. ಕೇಳಿ ಮುಗಿಸಿ, ಎದ್ದುಹೋಗಿ, ನನಗೊಂದು ಲೋಟ ನೀರು ತಂದುಕೊಟ್ಟಳು. ಮಗ ಮಾತ್ರ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತ, "ಅಮ್ಮ, ಒಂದು ಮಾತು ಹೇಳ್ತೀನಿ, ಬೈಬಾರ್ದು. ಚಿಕ್ಕೋನಿದ್ದಾಗ ನಾನು ಪಕ್ಕದ ಮನೆ ಅತ್ತೆ ಹತ್ರ ತಿಂತಿದ್ದೆ. ಅವ್ರು ಕೋಳಿ ಮಾಡಿದ ದಿನ ಕಿಟಕಿ ತಟ್ಟೋರು" ಎಂದ. ನನ್ನ ಸತ್ವದ ಬಲದಿಂದ ಬೆಳೆದವನೆಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದು ಈ ಹುಡುಗನನ್ನೇ.

ಮರುದಿನ ಸೊಸೆ ಪೊಟ್ಟಣವೊಂದನ್ನು ತಂದಳು. ಯಂತ್ರದಲ್ಲಿ ಅರೆದು, ಬೆರಳಿನಂತೆ ಉರುಟಾಗಿ ತುಂಬಿದ ಮಾಂಸ, ಸಾಸೇಜ್ ಅಂತೆ. "ಮೆತ್ತಗಿದೆ ಅತ್ತೆ, ಮೂಳೆ ಇಲ್ಲವೇ ಇಲ್ಲ, ನಿಮಗೂ ಭಯ ಬೇಡ" ಎಂದಳು. ವೈದ್ಯೆಯನ್ನು ದೂರವಾಣಿಯಲ್ಲಿ ಕೇಳಿದರೆ ಅವಳು ಗದರಿಯೇಬಿಟ್ಟಳು. ಅದರಲ್ಲಿ ಉಪ್ಪು ವಿಪರೀತ, ಕೆಡದಿರಲು ಹಾಕುವ ರಾಸಾಯನಿಕ ಬೇರೆ. ಅದಕ್ಕಿಂತ ಮುಖ್ಯವಾಗಿ, ಅದನ್ನು ಬಿಲ್ಲೆಯಾಗಿ ಕತ್ತರಿಸಿದರೆ ಮಗುವಿನ ಉಸಿರುನಾಳಕ್ಕೆ ಅಳತೆ ತೆಗೆದು ಮಾಡಿದ ಮುಚ್ಚಳದಂತೆ ಕೂರುತ್ತದೆ. ಅಳತೆ ಎಂಬುದು ನನ್ನ ಹೊಲಿಗೆಯ ಮಾತು; ಪೊಟ್ಟಣವನ್ನು ಸೊಸೆಯತ್ತ ಸರಿಸಿದೆ. ಅವಳ ಮಾತುಗಳು ಇವು: "ಕೋಳಿ ತೊಡೆ ಭಾಗ ತಗೊಳ್ಳಿ ಅಜ್ಜಿ. ಎದೆ ಭಾಗಕ್ಕಿಂತ ಕಪ್ಪಗಿರುತ್ತಲ್ಲ, ಕಬ್ಬಿಣ ಅದರಲ್ಲೇ ಜಾಸ್ತಿ. ಚರ್ಮ ತೆಗೆಸಿ. ಕೊಬ್ಬು ಕಮ್ಮಿ ಇರೋ ಕುರಿ ಮಾಂಸ ಸಿಕ್ಕಿದ್ರೆ ಇನ್ನೂ ಒಳ್ಳೇದು, ಕಣ್ಣೆದುರೇ ಸಣ್ಣಗೆ ಕೊಚ್ಚಿಸಿ. ಲಿವರ್ ವಾರಕ್ಕೊಂದೇ ಸಲ, ಅದೂ ಒಂದು ಚಮಚ ಸಾಕು, ಹೆಚ್ಚಾದ್ರೆ ಅದೂ ತೊಂದರೆ. ಒಳಗೆ ಎಲ್ಲೂ ಕೆಂಪು ಉಳೀಬಾರ್ದು, ಅಷ್ಟು ಬೇಯಿಸಿ. ಮತ್ತೆ ಮಗು ಕೆಮ್ಮಿದ್ರೆ ಗಾಬರಿ ಬೀಳಬೇಡಿ. ಕೆಮ್ಮು ಬಂದ್ರೆ ಉಸಿರಾಡ್ತಿದೆ ಅಂತಲೇ ಅರ್ಥ. ಸದ್ದು ನಿಂತರೆ ಮಾತ್ರ ಓಡಬೇಕು." ಹಾಗೆ ಸದ್ದು ನಿಂತರೆ ಮಗುವಿನ ಬೆನ್ನಿಗೆ ಹೇಗೆ ತಟ್ಟಬೇಕು ಎಂಬುದನ್ನು ಅಂದೇ ಸಂಜೆ ತನ್ನ ಕೋಣೆಗೆ ಕರೆಸಿ, ಒಂದು ಬೊಂಬೆಯ ಮೇಲೆ ನನ್ನ ಕೈಯಿಂದಲೇ ಮಾಡಿಸಿದಳು. ನನ್ನ ಅಂಗೈ ಆ ಬೊಂಬೆಯ ಬೆನ್ನಿನ ಮೇಲೆ ಬಿದ್ದಾಗಲೆಲ್ಲ, ಅಂದು ಯಾರಿಗಾದರೂ ಇದು ಗೊತ್ತಿದ್ದಿದ್ದರೆ, ಎಂದು ನೆನೆದೆ. ಆ ವಾಕ್ಯವನ್ನು ಪೂರ್ಣಗೊಳಿಸಲು ಈಗಲೂ ನನ್ನಿಂದಾಗದು.

ಮಾಂಸದಂಗಡಿಗೆ ಹೋದೆ. ಬಿಳಿ ಹೆಂಚಿನ ಗೋಡೆ, ತೊಳೆದ ನೆಲ, ನಡುವೆ ತಗ್ಗಾಗಿ ಸವೆದ ಮರದ ಕೊರಡು. ತುಂಡುಗಳನ್ನು ನಾನು ಬಟ್ಟೆಯಂಗಡಿಯಲ್ಲಿ ಥಾನಿನ ಅಂಚನ್ನು ಪರೀಕ್ಷಿಸುವಂತೆ ಪರೀಕ್ಷಿಸಿದೆ. ವಾಸನೆ ನೋಡಿದೆ, ಬಣ್ಣ ನೋಡಿದೆ, ಬೆರಳಿನಿಂದ ಒತ್ತಿ ಕುಳಿ ಮತ್ತೆ ಮೇಲೇಳುತ್ತದೆಯೋ ಎಂದು ಕಾದೆ, ಬೆರಳಿಗೆ ಅಂಟಂಟಾದದ್ದನ್ನು ಬದಿಗೆ ಸರಿಸಿದೆ. ಮಾಂಸದವನು ಚೂರಿ ಹಿಡಿದು ನಿಂತೇ ಇದ್ದ. "ಅಜ್ಜಿ, ನೀವು ಕೋಳಿ ಕೊಳ್ಳೋಕೆ ಬಂದ್ರೋ, ಮೊಮ್ಮಗನಿಗೆ ಹುಡುಗಿ ನೋಡೋಕೆ ಬಂದ್ರೋ?" ಎಂದ. ಹಿಂದೆ ನಿಂತವರು ನಕ್ಕರು. ಕುರಿಮಾಂಸ ಕೊಚ್ಚುವ ಯಂತ್ರವನ್ನು ಮೊದಲು ತೊಳೆ ಎಂದೆ. "ತೊಳ್ದಿದೀನಿ, ನನ್ನ ಮುಖಕ್ಕಿಂತ ಅದೇ ಚೊಕ್ಕಟವಾಗಿದೆ" ಎಂದ. ನಾನು ಕದಲಲಿಲ್ಲ. ಅವನು ಗೊಣಗುತ್ತ ಇನ್ನೊಮ್ಮೆ ಬಿಸಿನೀರು ಹೊಯ್ದು ತೊಳೆದ.

ಮನೆಯಲ್ಲಿ ಮೊದಲು ಕೋಳಿಯ ತೊಡೆಯ ಮಾಂಸವನ್ನು ಬೇಯಿಸಿ, ಬಿಳಿಯ ತಟ್ಟೆಯಲ್ಲಿ ಹರಡಿ, ಕಣ್ಣು ಮುಚ್ಚಿ ಬೆರಳ ತುದಿಯಿಂದ ತಡಕಿದೆ. ಬಟ್ಟೆಯಲ್ಲಿ ಬಿಟ್ಟುಹೋದ ಗುಂಡುಸೂಜಿಯನ್ನು ಹುಡುಕುವ ಬೆರಳುಗಳು ಇವು. ಇವಕ್ಕೆ ಏನೂ ಸಿಗಲಿಲ್ಲ. ಮತ್ತೆ ತಡಕಿದೆ. ಮಾಂಸಕ್ಕೂ ನೇಯ್ಗೆಯಂತೆ ಎಳೆಯುಂಟು; ಉದ್ದಕ್ಕೆ ಕೊಯ್ದರೆ ಹುರಿಯಂತೆ ಗಂಟಲಲ್ಲಿ ಸಿಕ್ಕುತ್ತದೆ, ಅಡ್ಡಕ್ಕೆ ಕೊಯ್ದರೆ ನಾಲಿಗೆಯ ಮೇಲೆಯೇ ಬಿಚ್ಚಿಕೊಳ್ಳುತ್ತದೆ. ಅಡ್ಡಕ್ಕೆ, ಬಲು ಸಣ್ಣಗೆ ಕೊಯ್ದು, ಹಿಸುಕಿದ ಆಲೂಗಡ್ಡೆಯಲ್ಲಿ ಬೆರೆಸಿದೆ.

ಮಗು ಬಾಯಿ ತೆರೆಯಲಿಲ್ಲ.

ಬರಿಯ ಆಲೂಗಡ್ಡೆಯಾದರೆ ತೆರೆಯುತ್ತಿದ್ದಳು. ಮಾಂಸ ಬೆರೆತಿದ್ದರೆ ತುಟಿಗಳನ್ನು ಬಿಗಿದು ನನ್ನ ಮುಖವನ್ನೇ ನೋಡುತ್ತಿದ್ದಳು. ದಿನಗಳು ಕಳೆದವು. ಆಸ್ಪತ್ರೆಯ ಹಾಸಿಗೆ ನನ್ನ ಕನಸಿಗೆ ಬರತೊಡಗಿತು. ಅದರ ಮೇಲೆ ಒಮ್ಮೆ ಅವಳು, ಒಮ್ಮೆ ನೀನು. ರಜೆಯ ದಿನ ಸೊಸೆ ಮೂಲೆಯಲ್ಲಿ ಕುಳಿತು ನಮ್ಮಿಬ್ಬರನ್ನೂ ಗಮನಿಸಿದಳು. ಗಾಜಿನಲ್ಲಿ ಕೂದಲೆಳೆಯಷ್ಟು ಗೀರನ್ನೂ ಹಿಡಿಯುವ ಕಣ್ಣು ಅವಳದು. "ಅತ್ತೆ, ಬೇಜಾರು ಮಾಡ್ಕೋಬೇಡಿ. ಮಾಂಸದ ಚಮಚ ಎತ್ತಿದ ಕೂಡಲೇ ನೀವು ಉಸಿರು ಬಿಗಿ ಹಿಡೀತೀರ. ಅದನ್ನ ನೋಡಿ ಅವಳೂ ಹಿಡೀತಾಳೆ. ನೀವು ಹೆದರಿದ ತುತ್ತನ್ನ ಅವಳು ಹೇಗೆ ತಿಂತಾಳೆ ಹೇಳಿ?" ಅವಳೇ ತಿನ್ನಿಸಲು ಕುಳಿತಳು. ಮಗು ತಾಯಿಯ ಭುಜದ ಮೇಲಿಂದ ಹಣಕಿ ನನ್ನ ಬಾಯನ್ನೇ ನೋಡಿತು. ತುಟಿ ಬಿಚ್ಚಲಿಲ್ಲ. "ನೀವು ತಿಂದು ತೋರಿಸಿದ್ರೆ ಮಾತ್ರ ಇದು ಆಗೋದು" ಎಂದು ಸೊಸೆ ತಟ್ಟೆ ಕೆಳಗಿಟ್ಟಳು.

ಮರುದಿನ ಮಧ್ಯಾಹ್ನ ಮನೆಯಲ್ಲಿ ನಾನೂ ಚಿಣ್ಣಿಯೂ ಇಬ್ಬರೇ. ಇಬ್ಬರೇ ಎಂದು ಬರೆದೆ, ಮೂವರು. ಒಂದು ತುಣುಕನ್ನು ನನ್ನ ಬಾಯಿಗೆ ಇಟ್ಟುಕೊಂಡೆ. ರುಚಿ ತಿಳಿಯಲಿಲ್ಲ. ಹಲ್ಲುಗಳಿಗೆ ಸಿಕ್ಕಿದ ಆ ಮೆದುತನ ತಿಳಿಯಿತು, ಅದರೊಂದಿಗೆ ಆ ಸಾಲು, ಆ ನೆಲ, ಮಾವನ ನಗೆಮಾತು, ಅಮ್ಮ ಮೇಲೆತ್ತಿದ ಮುಖ. ಬಾಗಿಲ ಹಿಂದೆ ನೀನು ಕೆಮ್ಮಿದೆ. ನುಂಗಲೂ ಆಗದು, ಉಗುಳಲೂ ಆಗದು. ಉಗುಳಿದರೆ ಈ ಕೂಸು ಇನ್ನೆಂದೂ ತಿನ್ನದು. ಅವಳ ಕಣ್ಣು ನನ್ನ ಬಾಯಿಯ ಮೇಲೆಯೇ ನೆಟ್ಟಿತ್ತು. ನುಂಗಲು ಯತ್ನಿಸಿದೆ. ಅರ್ಧ ದಾರಿಯಲ್ಲಿ ಅದು ನಿಂತಿತು, ಮರುಗಳಿಗೆಯಲ್ಲಿ ನನಗೆ ಕೆಮ್ಮು ನುಗ್ಗಿ ಬಂತು. ಎಂಥ ಕೆಮ್ಮು! ಕಣ್ಣಲ್ಲಿ ನೀರು, ಮೂಗಲ್ಲಿ ಆಲೂಗಡ್ಡೆ, ಕನ್ನಡಕ ತಟ್ಟೆಯೊಳಗೆ.

ಚಿಣ್ಣಿ ನಕ್ಕಳು. ಎಷ್ಟೋ ಕಾಲದಿಂದ ಈ ಮನೆಯಲ್ಲಿ ಕೇಳದಿದ್ದ ನಗು. ಕುರ್ಚಿಯ ಕೈ ಬಡಿಯುತ್ತ, ಬಿಳಿಚಿದ ಮುಖವೆಲ್ಲ ಬಾಯಾಗಿ ನಕ್ಕಳು. ಆಮೇಲೆ ನನ್ನನ್ನು ಅಣಕಿಸಿ ತಾನೂ ‘ಖೊಕ್ ಖೊಕ್’ ಎಂದಳು. "ಅಜ್ಜಿ, ಇನ್ನೊಂಚಲ" ಎಂದಳು. ನಾನು ಇನ್ನೊಂದು ತುಣುಕು ತಿಂದೆ. ಅದು ಇಳಿಯಿತು. ಮೂರನೆಯದಕ್ಕೆ ಅವಳೇ ಬಾಯಿ ತೆರೆದಳು.

ಪುಟ್ಟ ಹಾಲುಹಲ್ಲುಗಳಿಂದ ನಿಧಾನವಾಗಿ ಜಗಿದಳು. ಅನಂತರ ಸದ್ದಿಲ್ಲ. ಆ ನಿಶ್ಶಬ್ದದಲ್ಲಿ ನಾನು ನಿಂತಿದ್ದುದು ನನ್ನ ವಯಸ್ಸಿನಲ್ಲಿ ಅಲ್ಲ. ಏಳು ವರ್ಷದ ಹುಡುಗಿಯಾಗಿ, ನಿನ್ನೆದುರಿಗೆ. ಅಂಗೈ ತಾನಾಗಿಯೇ ಮೇಲೆದ್ದಿತ್ತು, ಅವಳ ಬೆನ್ನಿಗೆ ತಟ್ಟಲು ಸಿದ್ಧವಾಗಿ. ಅವಳು ಗುಟುಕ್ಕೆಂದು ನುಂಗಿ, ಮತ್ತೆ ಬಾಯಿ ತೆರೆದಳು. ಖಾಲಿ, ಗುಲಾಬಿ, ಬಿಸಿಯುಸಿರಿನ ಬಾಯಿ. "ಇನ್ನೂ" ಎಂದಳು.

ಮೂರನೆಯ ಪರೀಕ್ಷೆಯ ದಿನ ಬಂತು. ಸೂಜಿ ಚುಚ್ಚಿದಾಗ ಅವಳು ಮಾಡಿದ ರಂಪಕ್ಕೆ ಹೊರಗಿನ ಬೆಂಚಿನ ಮೇಲಿದ್ದ ಮಕ್ಕಳೆಲ್ಲ ಅಳತೊಡಗಿದರು. ವೈದ್ಯೆ ನನ್ನನ್ನು ನೋಡಿ, "ಅಜ್ಜಿ, ಈ ಗಂಟಲು ಕೇಳಿದ ಮೇಲೆ ನನಗೆ ಫಲಿತಾಂಶವೇ ಬೇಡ" ಎಂದಳು. ಆದರೂ ಫಲಿತಾಂಶ ಬಂತು. ರಕ್ತ ಏರಿದೆ. ಪೂರ್ಣವಾಗಿ ಅಲ್ಲ, ಆಸ್ಪತ್ರೆ ಬೇಡವೆನ್ನುವಷ್ಟು.

ಇಷ್ಟನ್ನೇ ತಿಳಿಸುವುದಾಗಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ, ಬಟಾಣಿ. ನೀನು ಇಲ್ಲೇ ಇದ್ದವನು, ಎಲ್ಲವನ್ನೂ ನೋಡಿದವನು. ಬರೆಯಲು ಕಾರಣ ಇಂದಿನ ಮಧ್ಯಾಹ್ನ. ಊಟದ ನಡುವೆ ಚಿಣ್ಣಿ ಬಾಯಲ್ಲಿ ತುತ್ತಿಟ್ಟುಕೊಂಡೇ ಕೋಣೆಯೆಲ್ಲ ಓಡಿದಳು. "ಏಯ್ ಕತ್ತೆ, ಕೂತ್ಕೊಂಡು ತಿನ್ನೇ! ಬೆನ್ನ ಮೇಲೊಂದು ಬಿಡ್ತೀನಿ ನೋಡು!" ಎಂದು ಕೂಗಿದೆ. ಅವಳು ಬಂದು ಕುಳಿತು ತಿಂದಳು. ನಾನೂ ತಿಂದೆ; ಉಪ್ಪು ಕಡಿಮೆಯಾಯಿತೆಂದು ನನ್ನ ಪಾಲಿಗೆ ಒಂದಿಷ್ಟು ಉದುರಿಸಿಕೊಂಡೂ ತಿಂದೆ. ಊಟ ಮುಗಿಯಿತು. ತಟ್ಟೆ ತೊಳೆಯುತ್ತಿದ್ದೆ, ಆಗ ಹೊಳೆಯಿತು: ಇಂದು ನೀನು ಕೆಮ್ಮಲಿಲ್ಲ. ಅಥವಾ ಕೆಮ್ಮಿದ್ದು ನನಗೆ ಕೇಳಲಿಲ್ಲ. ನಿನ್ನ ನೆನಪೇ ಇಲ್ಲದೆ ನಾನು ಉಂಡ ಮೊದಲ ಊಟ ಅದು.

ಕೈಯಲ್ಲಿದ್ದ ತಟ್ಟೆಯ ಮೇಲೆ ನೀರು ಬೀಳುತ್ತಲೇ ಇತ್ತು. ಅರವತ್ತಕ್ಕೂ ಮೀರಿದ ವರ್ಷಗಳಲ್ಲಿ ಮೊದಲ ಸಲ ನಿನ್ನನ್ನು ಹುಡುಕುತ್ತ ಬಾಗಿಲನ್ನು ಎಳೆದು ಅದರ ಹಿಂದೆ ನೋಡಿದೆ. ಕೆರೆದ ಸುಣ್ಣ, ಪೊರಕೆ, ಒಂದು ಮೂಲೆ. ಅಲ್ಲಿಯೇ ನೆಲದ ಮೇಲೆ ಕುಳಿತು ಅತ್ತುಬಿಟ್ಟೆ. ನೀನು ಹೋದ ದಿನ ದೊಡ್ಡವರ ಅಳುವಿನ ನಡುವೆ ನನ್ನನ್ನು ಅಳಲು ಯಾರೂ ಬಿಟ್ಟಿರಲಿಲ್ಲ, ನೆರೆಮನೆಗೆ ಕಳುಹಿಸಿದ್ದರು. ಆ ಅಳು ಇಂದು ಬಂತು. ನಿನ್ನನ್ನು ಬಾ ಎಂದು ಕರೆದರೆ ಚಿಣ್ಣಿಯ ಗಂಟಲು ಮತ್ತೆ ಬಿಗಿದೀತು. ಹೋಗು ಎನ್ನಲು ನನಗೆ ಬಾಯಿ ಬಾರದು. ನನ್ನನ್ನು ಬಿಟ್ಟರೆ ನಿನ್ನನ್ನು ನೆನೆಯುವವರು ಈ ಲೋಕದಲ್ಲಿ ಇನ್ನಾರೂ ಉಳಿದಿಲ್ಲ.

ಆದುದರಿಂದ ಎರಡನ್ನೂ ಹೇಳದೆ ಹರಸುತ್ತಿದ್ದೇನೆ. ಎಲ್ಲಿದ್ದರೂ ನಿನ್ನ ಉಸಿರು ಸರಾಗವಾಗಿ ಆಡಲಿ.

ಒಂದು ಕಾಲಕ್ಕೆ ನಿನ್ನನ್ನು ಸೊಂಟದ ಮೇಲೆ ಹೊರಲಾರದೆ ಹೊತ್ತು ತಿರುಗಿದವಳು, ಈಗ ನಿನಗೆ ಅಜ್ಜಿಯಾಗುವಷ್ಟು ಮುದುಕಿಯಾದವಳು,

ನಿನ್ನ ಅಕ್ಕ